ರೈಸ್ ಮಿಲ್ಲಿನ 1 ಟಿಬಿ ಡಿಸ್ಕು: ಕೆಟ್ಟ ಹಾರ್ಡ್ ಡಿಸ್ಕಿನಿಂದ ಲೆಕ್ಕಪತ್ರ ತೆಗೆದ ಬಗೆ

ಮೇಜಿನ ಮೇಲೆ ಇಟ್ಟಾಗ ಡಿಸ್ಕಿನ ಸಂದುಗಳಲ್ಲೆಲ್ಲ ತವುಡಿನ ಪುಡಿ ಕೂತಿತ್ತು. ಗಂಗಾವತಿ ಹೊರವಲಯದ ಒಂದು ರೈಸ್ ಮಿಲ್ಲಿನ ಆಫೀಸ್ ಕಂಪ್ಯೂಟರಿನದು. 1 ಟಿಬಿ, ಮೂರೂವರೆ ಇಂಚು, ನಿಮಿಷಕ್ಕೆ 7200 ಸುತ್ತು. ಹಿಂದಿನ ದಿನ ಸಂಜೆ ಕರೆಂಟು ಹೋಗಿ ಬಂದಿದೆ, ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಕಂಪ್ಯೂಟರ್ ಮತ್ತೆ ಶುರುವಾದಾಗ ವಿಂಡೋಸ್ ತಾನಾಗಿಯೇ ಡಿ ಡ್ರೈವ್ ಪರೀಕ್ಷೆಗೆ ಇಳಿದು 11 ಪರ್ಸೆಂಟಿಗೆ ನಿಂತುಬಿಟ್ಟಿದೆ.

ಇಂಥ ಡಿಸ್ಕು ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ ‘ಏನಾಯ್ತು’ ಅಂತಲ್ಲ, ‘ಆದ ಮೇಲೆ ಏನೇನು ಮಾಡಿದ್ರಿ’ ಅಂತ. ಮಿಲ್ಲಿನ ಗುಮಾಸ್ತರ ಉತ್ತರ ಎಲ್ಲರಿಂದಲೂ ಬರುವಂಥದ್ದೇ: “ಏನೂ ಮಾಡಿಲ್ರಿ ಸರ, ಒಂದೆರಡು ಸಲ ಆಫ್ ಮಾಡಿ ಆನ್ ಮಾಡೀವಿ ಅಷ್ಟ.” ಸ್ವಲ್ಪ ಬಿಡಿಸಿ ಕೇಳಿದ ಮೇಲೆ ಉಳಿದದ್ದು ಹೊರಬಂತು. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದ್ದಾರೆ. ‘ಡಿ ಡ್ರೈವ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ’ ಎಂದು ವಿಂಡೋಸ್ ಕೇಳಿದೆ, ಅವರು ಬೇಡ ಎಂದು ಒತ್ತಿದ್ದಾರೆ. ಆ ಒಂದು ಕ್ಲಿಕ್ಕಿನಿಂದ ಅರ್ಧ ಕೆಲಸ ಉಳಿಯಿತು. ಆಮೇಲೆ ಯಾರೋ ಹೇಳಿದರೆಂದು ಒಂದು ರಿಕವರಿ ಸಾಫ್ಟ್‌ವೇರ್ ಹಾಕಿ ಮೂರು ತಾಸು ಸ್ಕ್ಯಾನ್ ಓಡಿಸಿದ್ದಾರೆ. ಇದು ಆಗಬಾರದಿತ್ತು. ಕೆಡುತ್ತಿರುವ ಡಿಸ್ಕಿಗೆ ಓದುವ ಶಕ್ತಿ ಎಷ್ಟು ಉಳಿದಿದೆ ಎಂದು ಯಾರೂ ಹೇಳಲಾರರು. ಸ್ಕ್ಯಾನ್ ಆ ಶಕ್ತಿಯನ್ನೆಲ್ಲ ಖರ್ಚು ಮಾಡಿ ಕೊನೆಗೆ ಫೈಲುಗಳ ಹೆಸರಿನ ಪಟ್ಟಿ ತೋರಿಸುತ್ತದೆ, ಒಂದು ಫೈಲನ್ನೂ ಎತ್ತಿಟ್ಟಿರುವುದಿಲ್ಲ. ನಂತರ ‘ಉಳಿಸು’ ಎಂದು ಒತ್ತಿದಾಗ ಅದೇ ಜಾಗಗಳನ್ನು ಎರಡನೇ ಸಲ ಓದಬೇಕು, ಅಷ್ಟರಲ್ಲಿ ಹೆಡ್ (ಡಿಸ್ಕಿನೊಳಗೆ ಡೇಟಾ ಓದುವ, ಬರೆಯುವ ಭಾಗ) ಸೋತಿರುತ್ತದೆ.

ಎರಡನೇ ಪ್ರಶ್ನೆ: ಯಾವುದು ಬೇಕೇ ಬೇಕು? ‘ಎಲ್ಲಾನೂ ಬೇಕ್ರಿ’ ಅನ್ನುವುದು ಸಹಜ, ಆದರೆ ಕ್ರಮ ಬರೆಸಿಕೊಳ್ಳದೆ ಕೆಲಸ ಶುರು ಮಾಡಬಾರದು. ಇಲ್ಲಿ ಬರೆಸಿಕೊಂಡ ಕ್ರಮ ಹೀಗಿತ್ತು: ಡಿ ಡ್ರೈವಿನಲ್ಲಿರುವ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಫೋಲ್ಡರ್, ಲಾರಿ ತೂಗುವ ವೇಬ್ರಿಡ್ಜಿನ ಡೇಟಾಬೇಸ್, ಜಿಎಸ್‌ಟಿಯ ಎಕ್ಸೆಲ್ ಫೈಲುಗಳು, ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಪತ್ರಗಳು. ಫೋಟೋ ಕೊನೆಗೆ. ಸಿ ಡ್ರೈವಿನಲ್ಲಿ ವಿಂಡೋಸ್ ಬಿಟ್ಟರೆ ಏನೂ ಇಲ್ಲ ಅಂದರು. ಈ ಮಾಹಿತಿ ಮುಂದೆ ಎಷ್ಟೋ ಗಂಟೆ ಉಳಿಸಿತು.

ಕರೆಂಟು ಕೊಡುವ ಮುಂಚೆ ಕಣ್ಣು, ಮೂಗು ಮತ್ತು ಮಲ್ಟಿಮೀಟರಿನ ಕೆಲಸ. ಕೆಳಗಿನ ಹಸಿರು ಬೋರ್ಡನ್ನು ಟಿ6 ಅಳತೆಯ ನಕ್ಷತ್ರ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು. ಬೋರ್ಡು ತೆಗೆದರೆ ಡಿಸ್ಕಿನ ಒಳಭಾಗ ತೆರೆದುಕೊಳ್ಳುವುದಿಲ್ಲ, ಹೆದರಬೇಕಿಲ್ಲ. ಸುಟ್ಟ ವಾಸನೆ ಇದೆಯೇ, ಚಿಪ್ಪಿನ ಮೇಲೆ ಕಪ್ಪು ಕಲೆ ಇದೆಯೇ ನೋಡಬೇಕು. ಪವರ್ ಕನೆಕ್ಟರಿನ ಹತ್ತಿರ ಎರಡು ಟಿವಿಎಸ್ ಡಯೋಡ್ ಇರುತ್ತವೆ, ಒಂದು 5 ವೋಲ್ಟಿನ ದಾರಿಗೆ, ಇನ್ನೊಂದು 12 ವೋಲ್ಟಿನ ದಾರಿಗೆ. ವೋಲ್ಟೇಜು ಏರಿದಾಗ ಅವು ತಾವು ಶಾರ್ಟ್ ಆಗಿ ಮಿಕ್ಕ ಬೋರ್ಡನ್ನು ಉಳಿಸುತ್ತವೆ. ಡಿಸ್ಕು ಒಂದಿಷ್ಟೂ ಸದ್ದು ಮಾಡದೆ ಸತ್ತಂತೆ ಬಿದ್ದಿದ್ದು, ಡಯೋಡಿನ ಎರಡೂ ತುದಿಗೆ ಮೀಟರ್ ಹಿಡಿದಾಗ ಸೊನ್ನೆ ಓಮಿನ ಹತ್ತಿರ ತೋರಿಸಿದರೆ ತಪ್ಪಿತಸ್ಥ ಸಿಕ್ಕ ಹಾಗೇ. ಅದನ್ನು ಬಿಸಿ ಮಾಡಿ ತೆಗೆದರೆ ಡಿಸ್ಕು ತಿರುಗುವುದುಂಟು. ಆದರೆ ಆಮೇಲೆ ಅದಕ್ಕೆ ರಕ್ಷಣೆ ಇರುವುದಿಲ್ಲ, ಒಳ್ಳೆಯ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ಪವರ್ ಕೊಡುವ ಪೆಟ್ಟಿಗೆ) ಹಾಕಿ ಕಾಪಿ ತೆಗೆಯುವಷ್ಟಕ್ಕೆ ಮಾತ್ರ ಆ ಉಪಾಯ.

ನಮ್ಮ ಮುಂದಿದ್ದ ಡಿಸ್ಕಿನ ಡಯೋಡುಗಳು ಸರಿಯಿದ್ದವು. ಆದರೆ ಬೋರ್ಡಿನ ಹಿಂಬದಿಯಲ್ಲಿ ಹೆಡ್ಡಿನ ಪಿನ್ನುಗಳು ಒತ್ತಿ ಕೂಡುವ ತಟ್ಟೆಗಳು ಕಪ್ಪಿಟ್ಟಿದ್ದವು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿದೆವು. ಎರಡೇ ನಿಮಿಷದ ಕೆಲಸ, ಆದರೆ ತಟ್ಟೆ ಕೊಳಕಾಗಿದ್ದರೆ ಹೆಡ್ಡಿನ ಸಿಗ್ನಲ್ ಕ್ಷೀಣವಾಗಿ ಒಳ್ಳೆಯ ಸೆಕ್ಟರು (ಡೇಟಾ ಬರೆದಿಡುವ ಪುಟ್ಟ ತುಣುಕು ಜಾಗ) ಕೂಡ ಕೆಟ್ಟದ್ದಾಗಿ ಕಾಣುತ್ತದೆ.

ಬೋರ್ಡು ಸುಟ್ಟಿದ್ದರೆ ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡು ಹಾಕಿದರಾಯ್ತು ಎಂದು ಬಹಳ ಜನ ತಿಳಿದಿದ್ದಾರೆ. ಹಳೆಯ ಡಿಸ್ಕುಗಳಲ್ಲಿ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿ ಎಂಟು ಕಾಲಿನ ಒಂದು ಪುಟ್ಟ ರೋಮ್ ಚಿಪ್ಪಿನಲ್ಲಿ (ಬರೀ ಓದುವ ಚಿಪ್ಪು, ಮೆಮೊರಿ ಕಡ್ಡಿಯಲ್ಲ) ಆ ಡಿಸ್ಕಿನ ಹೆಡ್ಡುಗಳಿಗೇ ಹೊಂದಿಸಿದ ಅಳತೆಗಳು ಇರುತ್ತವೆ. ಅದನ್ನು ಹಳೆಯ ಬೋರ್ಡಿನಿಂದ ಕಿತ್ತು ಹೊಸದಕ್ಕೆ ಬೆಸುಗೆ ಹಾಕದೆ ಬೋರ್ಡು ಬದಲಿಸಿದರೆ ಡಿಸ್ಕು ತಿರುಗೀತು, ಓದಲಾರದು.

ಮುಂದೆ ಕಿವಿಯ ಪರೀಕ್ಷೆ. ಡೇಟಾ ಕೇಬಲ್ ಹಾಕದೆ ಪವರ್ ಮಾತ್ರ ಕೊಟ್ಟು ಹತ್ತು ಸೆಕೆಂಡು ಕೇಳಬೇಕು. ಒಂದೇ ತಾಳದಲ್ಲಿ ‘ಟಕ್, ಟಕ್’ ಎಂದರೆ ಬಹುತೇಕ ಹೆಡ್ ಹೋಗಿದೆ. ಸಣ್ಣಗೆ ‘ಬೀಪ್’ ಅಥವಾ ಗುಂಯ್‌ಗುಟ್ಟಿ ತಿರುಗದೆ ನಿಂತರೆ ಹೆಡ್ಡು ಒಳಗೆ ತಿರುಗುವ ಡೇಟಾ ತಟ್ಟೆಗೆ ಅಂಟಿದೆ, ಇಲ್ಲವೇ ಮೋಟಾರಿನ ಬೇರಿಂಗ್ ಬಿಗಿದಿದೆ. ಈ ಎರಡರಲ್ಲಿ ಯಾವುದು ಕೇಳಿದರೂ ಪವರ್ ಕಿತ್ತು ಅಲ್ಲಿಗೇ ಬಿಡಬೇಕು. ಅದು ಕ್ಲೀನ್ ರೂಮಿನ ಕೆಲಸ, ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಬೇಕು. ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಕೂದಲಿನ ದಪ್ಪ ಅದರ ಹತ್ತು ಸಾವಿರ ಪಟ್ಟಿಗಿಂತ ಹೆಚ್ಚು. ಭತ್ತದ ಹೊಟ್ಟು ಹಾರಾಡುವ ಊರಿನಲ್ಲಿ ಮುಚ್ಚಳ ತೆಗೆದು ನೋಡುವುದೆಂದರೆ ಡಿಸ್ಕಿನ ಮೇಲೆ ಮರಳು ಸುರಿದ ಹಾಗೆ. ಫ್ರಿಜ್ಜಿನಲ್ಲಿ ಇಟ್ಟು ತೆಗೆಯುವ ಉಪಾಯವೂ ಬೇಡ. ನಮ್ಮ ಬೇಸಿಗೆಯಲ್ಲಿ ತಣ್ಣಗಿನ ಡಿಸ್ಕು ಹೊರಗೆ ಬಂದ ಕ್ಷಣವೇ ನೀರು ಕಟ್ಟುತ್ತದೆ. ಮುಚ್ಚಳದಲ್ಲಿ ಗಾಳಿ ಆಡಲು ಫಿಲ್ಟರ್ ಹಾಕಿದ ಸಣ್ಣ ತೂತು ಇದೆ, ಆ ದಾರಿಯಿಂದ ತೇವ ಒಳಗೂ ಹೋಗುತ್ತದೆ.

ಮಿಲ್ಲಿನ ಡಿಸ್ಕು ಸಮನಾಗಿ ತಿರುಗಿತು, ಟಕಟಕ ಇರಲಿಲ್ಲ. ಹಾಗಾಗಿ ಕೆಲಸ ನಮ್ಮ ಕೈಗೆ ಸಿಕ್ಕುವಂಥದ್ದು ಎಂದು ಮುಂದುವರಿದೆವು.

ವಿಂಡೋಸ್ ಇರುವ ಯಂತ್ರಕ್ಕೆ ಇದನ್ನು ಹಾಕುವ ಮಾತೇ ಇಲ್ಲ. ಡಿಸ್ಕು ಕಂಡ ಕೂಡಲೇ ಅದು ಓದಲು, ಬರೆಯಲು, ರಿಪೇರಿ ಮಾಡಲು ಹೊರಡುತ್ತದೆ. ಪೆನ್ ಡ್ರೈವಿನಿಂದ ಲಿನಕ್ಸ್ (ವಿಂಡೋಸಿನ ಬದಲು ಬಳಸುವ ಆಪರೇಟಿಂಗ್ ಸಿಸ್ಟಮ್) ಬೂಟ್ ಮಾಡಿ, ಡಿಸ್ಕು ತಾನಾಗಿ ಮೌಂಟ್ ಆಗುವ, ಅಂದರೆ ಬಳಕೆಗೆ ತೆರೆದುಕೊಳ್ಳುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿಟ್ಟು, ಡಿಸ್ಕನ್ನು ನೇರವಾಗಿ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಸೇರಿಸಿದೆವು. ಯುಎಸ್‌ಬಿ ಡಾಕ್ (ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸುವ ಸಾಧನ) ಬೇಡ. ಕೆಟ್ಟ ಸೆಕ್ಟರು ಬಂದಾಗ ಡಾಕಿನ ಚಿಪ್ಪು ಕಾಯದೆ ಸಂಪರ್ಕವನ್ನೇ ಕಡಿದುಬಿಡುತ್ತದೆ. ಇದಕ್ಕೆ ಒಂದು ವಿನಾಯಿತಿ ಇದೆ. ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಪೆಟ್ಟಿಗೆಯ ಚಿಪ್ಪೇ ಡೇಟಾವನ್ನು ಗುಪ್ತಲಿಪಿಗೆ ತಿರುಗಿಸಿ ಬರೆಯುತ್ತದೆ, ಪಾಸ್‌ವರ್ಡ್ ಇಡದಿದ್ದರೂ ಸಹ. ಅಂಥದ್ದನ್ನು ಪೆಟ್ಟಿಗೆಯಿಂದ ಬಿಚ್ಚಿ ಸಾಟಾಕ್ಕೆ ಹಾಕಿದರೆ ಕಸ ಕಾಣುತ್ತದೆ. ಆ ಪೆಟ್ಟಿಗೆಯ ಬೋರ್ಡನ್ನು ಎಸೆಯಬಾರದು.

ಸ್ಮಾರ್ಟ್ ಎಂಬ, ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ವರದಿಯಲ್ಲಿ ನಾವು ನೋಡುವುದು ನಾಲ್ಕು ಸಾಲು. 5ನೇ ಸಾಲು ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳದ್ದು. 197 ಓದಲಾಗದೆ ತೀರ್ಮಾನಕ್ಕೆ ಕಾದಿರುವವು, 198 ಡಿಸ್ಕು ತಾನೇ ಪರೀಕ್ಷಿಸಿದಾಗಲೂ ಓದಲಾಗದವು. 199 ಕೇಬಲ್ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ. ಇದೊಂದೇ ಏರುತ್ತಿದ್ದರೆ ಡಿಸ್ಕಿನ ತಪ್ಪಲ್ಲ, ಕೇಬಲ್ ಬದಲಿಸಿ ನೋಡಬೇಕು. ಇಲ್ಲಿ 197ನೇ ಸಾಲು ಸಾವಿರ ದಾಟಿತ್ತು, 5ನೇ ಸಾಲೂ ಏರಿತ್ತು. ಅದು ಡಿಸ್ಕು ಈವರೆಗೆ ಎಡವಿದ ಜಾಗಗಳ ಲೆಕ್ಕ ಮಾತ್ರ, ಇನ್ನೂ ತುಳಿಯದ ಜಾಗದಲ್ಲಿ ಏನಿದೆಯೋ ಅದರಲ್ಲಿ ಬರುವುದಿಲ್ಲ.

ಕಾದಿರುವ ಸೆಕ್ಟರುಗಳೆಲ್ಲ ಗಾಯವಾದವೇ ಆಗಬೇಕೆಂದಿಲ್ಲ. ಬರೆಯುತ್ತಿದ್ದಾಗಲೇ ಕರೆಂಟು ಹೋದರೆ ಸೆಕ್ಟರಿನ ಡೇಟಾಕ್ಕೂ ಅದರ ಬಾಲದಲ್ಲಿರುವ ತಾಳೆ ಸಂಕೇತಕ್ಕೂ ಹೊಂದುವುದಿಲ್ಲ, ಡಿಸ್ಕು ‘ಓದಲಾಗದು’ ಎನ್ನುತ್ತದೆ. ಅದರ ಮೇಲೆ ಹೊಸದಾಗಿ ಬರೆದರೆ ದೋಷ ಮಾಯವಾಗುತ್ತದೆ, ಜೊತೆಗೆ ಅಲ್ಲಿದ್ದ ಡೇಟಾ ಕೂಡ. ‘ಬ್ಯಾಡ್ ಸೆಕ್ಟರ್ ಸರಿಮಾಡುವ’ ಸಾಫ್ಟ್‌ವೇರುಗಳನ್ನು ಮುಟ್ಟಬೇಡಿ ಎನ್ನುವುದು ಇದಕ್ಕೇ. ವಿಂಡೋಸಿನ ಚೆಕ್‌ಡಿಸ್ಕ್ ಕೂಡ ಇದೇ ಜಾತಿ. ಓದಲಾಗದ ದಾಖಲೆಯನ್ನು ತಪ್ಪು ದಾಖಲೆ ಎಂದುಕೊಂಡು ಫೋಲ್ಡರಿನ ಪಟ್ಟಿಯಿಂದ ಫೈಲುಗಳನ್ನು ಕಿತ್ತು, ತುಂಡುಗಳನ್ನು ‘ಫೌಂಡ್.000’ ಎಂಬ ಫೋಲ್ಡರಿಗೆ ತುಂಬುತ್ತದೆ. ಈ ಡಿಸ್ಕಿನಲ್ಲಿ ಅದು 11 ಪರ್ಸೆಂಟಿಗೇ ನಿಂತದ್ದು ಒಳ್ಳೆಯದಾಯಿತು.

ಇನ್ನು ಕಾಪಿ. 1 ಟಿಬಿ ಡಿಸ್ಕಿನಲ್ಲಿ 512 ಬೈಟಿನ 1,953,525,168 ಸೆಕ್ಟರು. ಅಷ್ಟನ್ನೂ ಒಂದೇ ದೊಡ್ಡ ಇಮೇಜ್ ಫೈಲಾಗಿ ಇಳಿಸಬೇಕು, ಆಮೇಲಿನ ಹುಡುಕಾಟವೆಲ್ಲ ಆ ಇಮೇಜಿನ ಮೇಲೆ. ಹಾಕಿಕೊಂಡ ಡಿಸ್ಕು 4 ಟಿಬಿಯದು: ಇಮೇಜಿಗೆ 1, ಅದರ ಇನ್ನೊಂದು ಪ್ರತಿಗೆ 1, ಹೊರತೆಗೆದ ಫೈಲುಗಳಿಗೆ 1, ಉಳಿದದ್ದು ಉಸಿರಾಡಲು. ಅದು ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿರಬಾರದು, 4 ಜಿಬಿ ಮೀರಿದ ಫೈಲು ಅದರಲ್ಲಿ ಕೂಡುವುದಿಲ್ಲ.

ಸಲಕರಣೆ ಗ್ನು ಡಿಡಿರೆಸ್ಕ್ಯೂ, ಪುಕ್ಕಟೆ ಸಿಗುವಂಥದ್ದು. ಇದರ ಜೀವ ಇರುವುದು ಮ್ಯಾಪ್‌ಫೈಲಿನಲ್ಲಿ: ಎಲ್ಲಿಂದ ಎಲ್ಲಿಯವರೆಗೆ ಓದಿದೆ, ಎಲ್ಲಿ ಸೋತಿದೆ, ಎಲ್ಲಿ ಇನ್ನೂ ಹೋಗಿಲ್ಲ ಎಂದು ಅದು ಬರೆದಿಡುತ್ತಾ ಹೋಗುತ್ತದೆ. ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಮ್ಯಾಪ್‌ಫೈಲಿನ ಹೆಸರು ಕೊಡದೆ ಓಡಿಸಿದವರು ಎರಡನೇ ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದನ್ನು ಪೆನ್ ಡ್ರೈವಿನಿಂದ ಬೂಟಾದ ಲಿನಕ್ಸಿನೊಳಗೆ ಇಡಲೂಬಾರದು, ಆಫ್ ಆದಾಗ ಮಾಯವಾಗುತ್ತದೆ. 4 ಟಿಬಿ ಡಿಸ್ಕಿನಲ್ಲೇ ಇರಬೇಕು. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಡಿಸ್ಕಿನ ಸೀರಿಯಲ್ ನಂಬರ್ ಓದಿ ಇಬ್ಬರು ತಾಳೆ ನೋಡಿದ ಮೇಲೆಯೇ ಎಂಟರ್ ಒತ್ತುತ್ತೇವೆ. ತಿರುಗುಮುರುಗಾದರೆ ಉಳಿದದ್ದೂ ಹೋಗುತ್ತದೆ.

ಮೊದಲ ಸುತ್ತಿಗೆ ‘ಡಿ’ ಮತ್ತು ‘ಎನ್’ ಎರಡು ಆಯ್ಕೆ ಕೊಟ್ಟೆವು. ‘ಡಿ’ ಎಂದರೆ ಲಿನಕ್ಸಿನ ಕ್ಯಾಶ್ (ಓದಿದ್ದನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ) ದಾಟಿ ಡಿಸ್ಕನ್ನು ನೇರ ಓದು. ‘ಎನ್’ ಎಂದರೆ ಕೆಟ್ಟ ಜಾಗವನ್ನು ಈಗ ಕೆರೆಯಬೇಡ, ಒಳ್ಳೆಯದನ್ನು ಮೊದಲು ಬಾಚಿಕೋ. ಆರೋಗ್ಯವಂತ ಡಿಸ್ಕು ಸೆಕೆಂಡಿಗೆ 100 ಎಂಬಿ ಕೊಟ್ಟರೆ 1 ಟಿಬಿಗೆ 2 ಗಂಟೆ 47 ನಿಮಿಷ ಸಾಕು. ಇದು 9 ಗಂಟೆ ತೆಗೆದುಕೊಂಡಿತು. ನಡುನಡುವೆ ವೇಗ ಕೆಲವು ಕೆಬಿಗೆ ಇಳಿಯುತ್ತಿತ್ತು, ಆಗ ಪ್ರೋಗ್ರಾಮು ಆ ಜಾಗ ಹಾರಿ ಮುಂದೆ ಹೋಗುತ್ತಿತ್ತು. ಸುತ್ತು ಮುಗಿದಾಗ ಉಳಿದದ್ದು ಸುಮಾರು 300 ಎಂಬಿ. ಇಡೀ ಡಿಸ್ಕಿನಲ್ಲಿ 0.03 ಪರ್ಸೆಂಟು.

ಶಾಖದ ಮೇಲೆ ಕಣ್ಣಿಡದೆ ಈ ಸುತ್ತು ಮಾಡಬಾರದು. ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ, ಪೆಟ್ಟಿಗೆಯೊಳಗೆ ಡಿಸ್ಕು 50 ಮುಟ್ಟಲು ಹೆಚ್ಚು ಹೊತ್ತು ಬೇಡ. ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 60 ಡಿಗ್ರಿ, ಆದರೆ ಅದು ಆರೋಗ್ಯವಂತ ಡಿಸ್ಕಿನ ಮಾತು. ನಾವು ಡಿಸ್ಕನ್ನು ಪೆಟ್ಟಿಗೆಯ ಹೊರಗೆ ಮಟ್ಟಸವಾಗಿ ಮಲಗಿಸಿ, ಕೆಳಗೆ ಎರಡು ಮರದ ತುಂಡು ಇಟ್ಟು ಬೋರ್ಡಿಗೆ ಗಾಳಿಯಾಡುವಂತೆ ಮಾಡಿ, 12 ವೋಲ್ಟಿನ ಕ್ಯಾಬಿನೆಟ್ ಫ್ಯಾನು ತಿರುಗಿಸಿದೆವು. ಫ್ಯಾನಿನ ಕಂಪನ ಡಿಸ್ಕಿಗೆ ತಾಗದಂತೆ ಫ್ಯಾನನ್ನು ಬೇರೆ ಮೇಜಿನ ಮೇಲೆ ಇಡಬೇಕು. 48 ದಾಟಿದಾಗ ನಿಲ್ಲಿಸಿ, 40ಕ್ಕೆ ಇಳಿದಾಗ ಮುಂದುವರಿಸಿದೆವು. ರಾತ್ರಿ ಹೊತ್ತು ಕೆಲಸ ಸಲೀಸು. ಕರೆಂಟಿಗೆ ಇನ್ವರ್ಟರಿನ ಮುಂದೆ ಯುಪಿಎಸ್ಸನ್ನೂ ಇಟ್ಟಿದ್ದೆವು, ಏಕೆಂದರೆ ಇನ್ವರ್ಟರ್ ಬದಲಾಗುವ ಆ ಕ್ಷಣದ ಕುಲುಕಿಗೇ ಎಷ್ಟೋ ಕಂಪ್ಯೂಟರುಗಳು ರೀಸ್ಟಾರ್ಟ್ ಆಗುತ್ತವೆ.

300 ಎಂಬಿಯಲ್ಲಿ ಮೂರನೇ ಎರಡರಷ್ಟು ಸಿ ಡ್ರೈವಿನ ವ್ಯಾಪ್ತಿಯಲ್ಲಿತ್ತು. ಅದು ಬೇಡ ಎಂದು ಮೊದಲೇ ಗೊತ್ತಿತ್ತಲ್ಲ, ಬಿಟ್ಟೆವು. ಡಿಡಿರೆಸ್ಕ್ಯೂಗೆ ಎಲ್ಲಿಂದ ಶುರು, ಎಷ್ಟು ಉದ್ದ ಎಂದು ಹೇಳಬಹುದು. ಡಿ ಡ್ರೈವಿನ ಮೊದಲ ಸೆಕ್ಟರನ್ನು 512ರಿಂದ ಗುಣಿಸಿ ಬಂದ ಬೈಟ್ ಸಂಖ್ಯೆ ಕೊಟ್ಟು ಅಷ್ಟನ್ನೇ ಕೆರೆಯಲು ಬಿಟ್ಟೆವು. ಕೆರೆಯುವುದೆಂದರೆ ಸೆಕ್ಟರು ಸೆಕ್ಟರಾಗಿ ಓದುವುದು. ಓದಲಾಗದ ಒಂದೊಂದಕ್ಕೂ ಡಿಸ್ಕು ಹಲವು ಸೆಕೆಂಡು ಒದ್ದಾಡುತ್ತದೆ. 4 ಸೆಕೆಂಡಿನಂತೆ ಹಿಡಿದರೂ 41,000 ಕೆಟ್ಟ ಸೆಕ್ಟರಿಗೆ 45 ಗಂಟೆ ಮೀರುತ್ತದೆ. ಎರಡು ಹಗಲು ಎರಡು ರಾತ್ರಿಯ ಮೇಲೆ ಡಿ ಡ್ರೈವಿನಲ್ಲಿ ಓದದೆ ಉಳಿದದ್ದು ಸುಮಾರು 21 ಎಂಬಿ. ಮತ್ತೆ ಮೂರು ಸಲ ಪ್ರಯತ್ನಿಸು ಎಂದು ಹೇಳುವ ಆಯ್ಕೆಯೂ ಇದೆ, ಆದರೆ ಆ ಹೊತ್ತಿಗೆ ಡಿಸ್ಕಿನಿಂದ ಹೊಸದಾಗಿ ‘ಕಿರ್’ ಎನ್ನುವ ಸದ್ದು ಬರತೊಡಗಿತ್ತು. ಬೇಕಾದ ಫೈಲು ಇಮೇಜಿನಲ್ಲಿ ಇದೆಯೋ ಇಲ್ಲವೋ ನೋಡಿಕೊಂಡು ಆಮೇಲೆ ತೀರ್ಮಾನಿಸೋಣ ಎಂದು ಡಿಸ್ಕನ್ನು ಆಫ್ ಮಾಡಿ ಎತ್ತಿಟ್ಟೆವು.

ಇಮೇಜಿನ ಒಂದು ಪ್ರತಿ ಮಾಡಿ, ಆ ಪ್ರತಿಯ ಮೇಲೆ ಕಳೆದುಹೋದ ಪಾರ್ಟಿಶನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸಿದೆವು. ವಿಂಡೋಸ್ ಫಾರ್ಮ್ಯಾಟ್ ಕೇಳಿದ್ದರ ಕಾರಣ ಅಲ್ಲೇ ಸಿಕ್ಕಿತು: ಡಿ ಡ್ರೈವಿನ ಬೂಟ್ ಸೆಕ್ಟರ್ (ಡ್ರೈವಿನ ವಿವರ ಬರೆದಿರುವ ಮೊದಲ ಸೆಕ್ಟರು) ಓದದ ಜಾಗದಲ್ಲಿತ್ತು. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇದರ ನಕಲನ್ನು ಪಾರ್ಟಿಶನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕಿನಲ್ಲಿ ‘ಬ್ಯಾಕಪ್ ಬಿಎಸ್’ ಆಯ್ಕೆ ಒತ್ತಿದರೆ ಆ ನಕಲು ಮುಂದಕ್ಕೆ ಬರುತ್ತದೆ. ಒತ್ತಿದ ಮೇಲೆ ಫೋಲ್ಡರುಗಳು ಹೆಸರು ತಾರೀಖು ಸಮೇತ ಕಂಡವು. ಪ್ರತಿ ಫೈಲಿಗೂ 1 ಕೆಬಿಯ ಒಂದು ದಾಖಲೆ ಇರುವ ಎಂಎಫ್‌ಟಿ ಎಂಬ ಪಟ್ಟಿ ಬಹುಪಾಲು ಉಳಿದಿದ್ದದ್ದೇ ಇದಕ್ಕೆ ಕಾರಣ.

ಎಲ್ಲ ಫೈಲು ಕಂಡಿತು ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ಓದದ 21 ಎಂಬಿ ಇಮೇಜಿನಲ್ಲಿ ಬರೀ ಸೊನ್ನೆಯಾಗಿ ಕೂತಿರುತ್ತದೆ, ಫೈಲಿನ ಉದ್ದ ಮಾತ್ರ ಸರಿಯಾಗಿಯೇ ಕಾಣುತ್ತದೆ. ಬಹಳಷ್ಟು ಅಂಗಡಿಗಳಲ್ಲಿ ಈ ಹಂತ ತಪ್ಪುತ್ತದೆ, ಗಿರಾಕಿಗೆ ಆರು ತಿಂಗಳ ನಂತರ ಗೊತ್ತಾಗುತ್ತದೆ. ಡಿಡಿರೆಸ್ಕ್ಯೂನಲ್ಲಿ ಕೆಟ್ಟ ಜಾಗಗಳಿಗೆ ನಾವು ಕೊಟ್ಟ ಪದವನ್ನು ತುಂಬುವ ಫಿಲ್ ಮೋಡ್ ಇದೆ. ಯಾವ ಫೈಲಿನಲ್ಲೂ ಇರಲಾರದ ಒಂದು ವಿಚಿತ್ರ ಪದವನ್ನು ಇಮೇಜಿನ ಪ್ರತಿಯಲ್ಲಿ ತುಂಬಿಸಿ, ಆಮೇಲೆ ಫೈಲುಗಳಲ್ಲೆಲ್ಲ ಆ ಪದ ಹುಡುಕಿದೆವು. ಪದ ಸಿಕ್ಕ ಫೈಲಿಗೆ ಗಾಯವಿದೆ ಎಂದರ್ಥ. ಡಿ ಡ್ರೈವಿನ ಕೆಟ್ಟ ಜಾಗದ ಹೆಚ್ಚಿನ ಭಾಗ ಖಾಲಿ ಜಾಗಕ್ಕೂ ಫೋಟೋ ಫೋಲ್ಡರಿಗೂ ಬಿದ್ದಿತ್ತು. ಆದರೆ ಟ್ಯಾಲಿಗೂ ತಾಗಿತ್ತು.

ಟ್ಯಾಲಿ ಇಆರ್‌ಪಿ 9ರಲ್ಲಿ ಒಂದೊಂದು ಕಂಪನಿಗೆ ಐದಂಕಿಯ ಒಂದು ಫೋಲ್ಡರ್, ಒಳಗೆ ‘.900’ ಬಾಲದ ಹಲವು ಫೈಲು. ಅವು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದೆರಡು ಫೈಲು ಮಾತ್ರ ಎತ್ತಿಕೊಂಡು ಬಂದರೆ ಪ್ರಯೋಜನವಿಲ್ಲ, ಫೋಲ್ಡರನ್ನು ಇಡಿಯಾಗಿ ತರಬೇಕು. ಇಡಿಯಾಗಿ ತಂದು ತೆರೆದಾಗ ದೋಷ ತೋರಿಸಿ ಮುಚ್ಚಿಕೊಂಡಿತು. ಮೊದಲು ಮಾಡಿದ್ದು ಆ ಫೋಲ್ಡರಿನ ಇನ್ನೊಂದು ಪ್ರತಿ. ಆಮೇಲೆ ಕಂಟ್ರೋಲ್, ಆಲ್ಟ್, ಆರ್ ಮೂರನ್ನೂ ಒತ್ತಿ ಡೇಟಾ ರೀರೈಟ್ ಓಡಿಸಿದೆವು. ಅದು ಓದಲು ಬರದ ವೋಚರುಗಳನ್ನು ಬಿಟ್ಟು ಉಳಿದವನ್ನು ಹೊಸದಾಗಿ ಬರೆಯುತ್ತದೆ. ಪ್ರತಿ ಇಲ್ಲದೆ ಓಡಿಸಿದರೆ ಬಿಟ್ಟುಹೋದದ್ದು ಏನೆಂದು ಯಾವತ್ತೂ ತಿಳಿಯುವುದಿಲ್ಲ. ತೆರೆದುಕೊಂಡಿತು. ಟ್ಯಾಲಿಯ ಹಳೆಯ ಟಿಬಿಕೆ ಬ್ಯಾಕಪ್ ಫೈಲೊಂದು ಅದೇ ಡ್ರೈವಿನಲ್ಲಿ ಗಾಯವಿಲ್ಲದೆ ಸಿಕ್ಕಿದ್ದರಿಂದ ಎರಡರ ಡೇಬುಕ್ಕನ್ನು ತಿಂಗಳು ತಿಂಗಳಾಗಿ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆವು. ಕೊನೆಯ ಎರಡು ದಿನದ ಭತ್ತ ಖರೀದಿ ವೋಚರುಗಳು ಬರಲಿಲ್ಲ. ವೇಬ್ರಿಡ್ಜಿನ ಚೀಟಿ, ಗೇಟ್ ಪಾಸ್ ಕಾಗದದಲ್ಲಿ ಇದ್ದುದರಿಂದ ಗುಮಾಸ್ತರು ಕೂತು ಮತ್ತೆ ಹೊಡೆದರು.

ವೇಬ್ರಿಡ್ಜಿನ ಡೇಟಾಬೇಸ್ ಮೈಕ್ರೋಸಾಫ್ಟ್ ಆಕ್ಸೆಸ್ಸಿನದು. ಅದರಲ್ಲಿ ಎಲ್ಲವೂ 4 ಕೆಬಿಯ ಪುಟಗಳಾಗಿ ಇರುತ್ತವೆ. ಗಾಯವಾದದ್ದು ಒಂದೇ ಪುಟ. ಅದರ ಪ್ರತಿಗೆ ‘ಕಾಂಪ್ಯಾಕ್ಟ್ ಆ್ಯಂಡ್ ರಿಪೇರಿ’ ಕೊಟ್ಟಾಗ ಕೆಲವು ಚೀಟಿಗಳ ಕ್ರಮಸಂಖ್ಯೆ ನಡುವೆ ಕಾಣೆಯಾಗಿತ್ತು, ಮಿಕ್ಕದ್ದು ಬಂತು.

ನುಡಿಯ ಪತ್ರಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮ ಕಡೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಯೂನಿಕೋಡಿಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಕೊಂಬು ಕೊಟ್ಟ ಅಕ್ಷರಗಳು ಕಲಸಿ ಕಾಣುತ್ತವೆ. ‘ಫೈಲ್ ಕರಪ್ಟ್ ಆಗಿದೆ’ ಎಂದು ಅಳಿಸಿ ಹಾಕಿದವರನ್ನು ಕಂಡಿದ್ದೇವೆ. ಅದು ಕೆಟ್ಟಿಲ್ಲ. ನುಡಿ 01 ಇ ಫಾಂಟು ಹಾಕಿದ ಕೂಡಲೇ ಕನ್ನಡ ಎದ್ದು ನಿಲ್ಲುತ್ತದೆ. ಇಲ್ಲಿಯ ಪತ್ರಗಳೆಲ್ಲ ಹಾಗೇ ಎದ್ದವು.

ಫೋಟೋಗಳಿಗೆ ಫೋಟೋರೆಕ್ ಓಡಿಸಿದೆವು. ಅದು ಫೋಲ್ಡರು ನೋಡುವುದಿಲ್ಲ, ‘ಎಫ್‌ಎಫ್ ಡಿ8 ಎಫ್‌ಎಫ್’ ಎಂದು ಶುರುವಾಗುವ ಬೈಟುಗಳನ್ನು ಕಂಡರೆ ಜೆಪೆಗ್ ಎಂದು ಎತ್ತುತ್ತದೆ. ಹೆಸರು ಹೋಗುತ್ತದೆ, ತುಂಡಾಗಿ ಚದುರಿದ ಫೋಟೋ ಅರ್ಧಕ್ಕೆ ಬೂದಿ ಬಣ್ಣವಾಗುತ್ತದೆ. ಟ್ಯಾಲಿ, ಆಕ್ಸೆಸ್ಸಿನಂಥವಕ್ಕೆ ಇದನ್ನು ನೆಚ್ಚಬಾರದು. ಎಸ್‌ಎಸ್‌ಡಿಯಿಂದ ಅಳಿಸಿದ ಫೈಲಿಗಂತೂ ಇದು ಬಹುತೇಕ ವ್ಯರ್ಥ. ಅಲ್ಲಿ ಟ್ರಿಮ್ ಎಂಬ ಆದೇಶ ಅಳಿಸಿದ ಜಾಗವನ್ನು ಡಿಸ್ಕಿನೊಳಗೇ ಖಾಲಿ ಮಾಡಿಬಿಟ್ಟಿರುತ್ತದೆ.

ಮಿಲ್ಲಿನವರಿಗೆ ಕೊಟ್ಟದ್ದು ಎರಡು ಹೊಸ ಡಿಸ್ಕಿನಲ್ಲಿ ಒಂದೇ ಡೇಟಾ. ಒಂದು ಆಫೀಸಿಗೆ, ಇನ್ನೊಂದು ಯಜಮಾನರ ಮನೆಗೆ, ವಾರಕ್ಕೊಮ್ಮೆ ಹೊಸದು ತುಂಬಿ ಮತ್ತೆ ಮನೆಗೆ ಒಯ್ಯುವ ಒಪ್ಪಂದದ ಮೇಲೆ. ಕಂಪ್ಯೂಟರನ್ನು ನೆಲದಿಂದ ಮೇಲೆತ್ತಿಸಿ, ಮಿಲ್ಲಿನ ಮೋಟಾರುಗಳ ಲೈನಿನಿಂದ ಆಫೀಸಿನ ಲೈನನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬೇರೆ ಮಾಡಿಸಿ, ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿದೆವು. ಹಳೆಯ ಡಿಸ್ಕನ್ನು ಆ್ಯಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಈ ವರ್ಷದ ಆಡಿಟ್ ಮುಗಿಯುವ ತನಕ ಯಾರೂ ಯಾವುದಕ್ಕೂ ಜೋಡಿಸಬಾರದು ಎಂದು ಮೇಲೆ ಬರೆದು ಕೊಟ್ಟೆವು. ಜೊತೆಗೆ ಗಾಯವಾದ ಫೈಲುಗಳ ಪಟ್ಟಿಯ ಪ್ರಿಂಟು. ಗುಮಾಸ್ತರು ಅದನ್ನು ಲೆಡ್ಜರಿನ ಪಕ್ಕ ಇಟ್ಟುಕೊಂಡು ಒಂದೊಂದೇ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದರು.